ನಲವತ್ತು ಜಪಾನಿ ಪದಗಳೂ ಒಬ್ಬ ಗಂಡನೂ

"ಆರು ತಿಂಗಳು ತಾನೆ? ಆರು ದಿನ ಇದ್ದಹಾಗೆ! ನೀನು ವಾಪಸ್ ಬರೋ ಹೊತ್ತಿಗೆ ಇದು ನಿನ್ನ ಮನೇನೇನಾ ಅಂತ ನಿನಗೇ ಅನುಮಾನ ಬರಬೇಕು, ಹಾಗಿಟ್ಟಿರ್ತೀನಿ, ನೋಡ್ತಿರು!"

ಹೆಂಡತಿಯ ಸೂಟ್‌ಕೇಸಿನ ಮೇಲೆ ಕೂತು, ಅದರ ಬಾಯಿ ಮುಚ್ಚಿಸಲು ಒದ್ದಾಡುತ್ತಾ ಚೀಟಿರಾಯರು ಮಾಡಿದ ಘೋರ ಪ್ರತಿಜ್ಞೆ ಇದು. ಹೆಂಡತಿ ವಾದಕ್ಕೆ ಇಳಿಯಲಿಲ್ಲ. "ಅನುಮಾನ ನನಗೆ ಈಗಲೇ ಬಂದಿದೆ, ಏಳಿ ಮೇಲೆ" ಎಂದರು, ಅಷ್ಟೆ. ರಾಯರು ಎದ್ದರು. ಅವರು ಕೂತಿದ್ದಾಗ ಮುಚ್ಚಿಕೊಳ್ಳದ ಸೂಟ್‌ಕೇಸು ಹೆಂಡತಿಯ ಒಂದೇ ಗುದ್ದಿಗೆ ತೆಪ್ಪಗೆ ಮುಚ್ಚಿಕೊಂಡಿತು.

ಚೀಟಿರಾಯರು ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಂಗ್ಲಿಷ್–ಕನ್ನಡ ನಿಘಂಟಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗೈಯಗಲದ ಚೀಟಿಗಳ ಮೇಲೆ ಒಂದೊಂದೇ ಪದ ಬರೆದು, ಅದು ಎಲ್ಲಿಂದ ಬಂತು, ಯಾವಾಗ ಬಂತು, ಬಂದು ಇಲ್ಲಿ ಏನು ಮಾಡುತ್ತಿದೆ ಎಂದು ಪತ್ತೆ ಹಚ್ಚಿದ್ದಕ್ಕೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಅವರ ಜೇಬಿನಲ್ಲಿ ಚೀಟಿ, ದಿಂಬಿನ ಕೆಳಗೆ ಚೀಟಿ, ಒಮ್ಮೆ ತಲೆ ಬಾಚುವಾಗ ಕೂದಲಿನಿಂದಲೂ ಒಂದು ಚೀಟಿ ಉದುರಿದ್ದುಂಟು.

ಹೆಂಡತಿಗೂ ಆ ಕಚೇರಿಯವರೇ ಒಂದು ಹೆಸರಿಟ್ಟಿದ್ದರು, ಕ್ರೇನಮ್ಮ ಅಂತ. ನೂರು ಅಡಿ ಎತ್ತರದ ಕ್ರೇನು ಹತ್ತಿ, ಸುತ್ತಿಗೆಯಿಂದ ಟಣ್ ಎಂದು ತಟ್ಟಿ, ಕಬ್ಬಿಣ ಎಲ್ಲಿ ಬಿರುಕು ಬಿಟ್ಟಿದೆ ಎಂದು ಸದ್ದಿನಲ್ಲೇ ಹೇಳುವ ಪರೀಕ್ಷಕಿ ಆಕೆ. ಈಗ ದೂರದ ಬಂದರೊಂದರಲ್ಲಿ ಹೊಸ ಕ್ರೇನುಗಳು ಎದ್ದು ನಿಂತಿದ್ದವು; ಆರು ತಿಂಗಳ ಮಟ್ಟಿಗೆ ಬಂದು ತಟ್ಟಿ ಕೊಡಿ ಎಂದು ಕರೆ ಬಂದಿತ್ತು. ಹಿಂದೆಯೂ ಮೂರು ಸಲ ಇಂಥ ಅವಕಾಶ ಬಂದದ್ದುಂಟು. ಮೂರು ಸಲವೂ "ಇವರಿಗೆ ಒಲೆ ಹೊತ್ತಿಸೋಕ್ಕೂ ಬರಲ್ಲ" ಎಂದು ಆಕೆ ಬಿಟ್ಟುಕೊಟ್ಟಿದ್ದರು. ಅದು ರಾಯರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅದಕ್ಕೇ ಈ ಸಲ ತಾವೇ ಹಟ ಹಿಡಿದು, ತಾವೇ ಟಿಕೆಟ್ ತಂದು, ಆಕೆಯನ್ನು ಕಳಿಸಿದರು.

ಕಳಿಸಿ, ಬಾಗಿಲು ಹಾಕಿಕೊಂಡು ಒಳಗೆ ಬಂದರು. ಮನೆ ಬಿಕೋ ಎನ್ನುತ್ತಿತ್ತು. "ಏನೇ, ನನ್ನ ಕನ್ನಡಕ ಎಲ್ಲಿ?" ಎಂದು ಕೂಗಿದರು. ಕೂಗಿದ ಮೇಲೆ ನೆನಪಾಯಿತು. ಕನ್ನಡಕ ಮೂಗಿನ ಮೇಲೇ ಇತ್ತು. ಇದೆ ಎಂದು ಹೇಳುವವರು ಮಾತ್ರ ಇರಲಿಲ್ಲ.

ಮಾರನೆಯ ದಿನ ಕಚೇರಿಯಲ್ಲಿ ಪ್ರಧಾನ ಸಂಪಾದಕಿ ಮೇಡಂ ರಾಯರ ಮುಂದೆ ಒಂದು ಕಟ್ಟು ತಂದಿಟ್ಟರು. ಇಂಗ್ಲಿಷಿಗೆ ಜಪಾನಿಯಿಂದ ಬಂದ ಪದಗಳು, ಒಟ್ಟು ನಲವತ್ತು. ಇಂಗ್ಲಿಷ್ ಭಾಷೆಯ ಬುದ್ಧಿ ಗೊತ್ತಲ್ಲ, ಯಾರ ಮನೆಗೆ ಹೋದರೂ ಬರಿಗೈಲಿ ವಾಪಸ್ ಬಂದದ್ದಿಲ್ಲ. ಜಪಾನಿಗೆ ಹೋದಾಗಲೂ ಅಷ್ಟೆ. ಉಟ್ಟ ಕಿಮೋನೊ ಬಿಡಲಿಲ್ಲ, ಹಾಸಿದ ಫ್ಯೂಟಾನ್ ಬಿಡಲಿಲ್ಲ, ಕುಂಡದಲ್ಲಿದ್ದ ಬೋನ್ಸಾಯ್ ಬಿಡಲಿಲ್ಲ. ಕುಸ್ತಿಯ ಸುಮೊ, ಕತ್ತಿಯ ಸಮುರಾಯ್, ಕೊನೆಗೆ ಬಂದರಿಗೆ ಬಡಿಯುವ ಅಲೆಯನ್ನೂ ಸುನಾಮಿ ಅಂತ ಎತ್ತಿಕೊಂಡು ಬಂತು!

"ಉದಾಹರಣೆ ವಾಕ್ಯಗಳ ನಿಯಮ ಗೊತ್ತಿದೆಯಲ್ಲ?" ಎಂದರು ಮೇಡಂ. "ಕಣ್ಣಾರೆ ಕಂಡದ್ದಾಗಿರಬೇಕು. ಕಟ್ಟಿದ ಕತೆ ನನಗೆ ಬೇಡ. ಮನೇಲಿ, ಬೀದೀಲಿ ದಿನಾ ನಡೆಯೋ ಮಾತು. ಹನ್ನೆರಡು ಪದ ದಾಟಬಾರದು."

"ಜಪಾನಿ ಪದಕ್ಕೆ ಕಣ್ಣಾರೆ ಕಂಡದ್ದನ್ನ ಎಲ್ಲಿಂದ ತರಲಿ ಮೇಡಂ? ನಮ್ಮನೇಲಿ ಸಮುರಾಯ್ ಯಾರೂ ಇಲ್ಲ."

"ಹೆಂಡ್ತಿ ಊರಲ್ಲಿಲ್ಲವಲ್ಲ, ನಿಮ್ಮನೇಲಿ ಇನ್ನು ಏನು ಬೇಕಾದ್ರೂ ನಡೀಬಹುದು. ಬರೀರಿ!"

ಆ ಕಚೇರಿಗೆ ಇನ್ನೊಂದು ಹಳೆಯ ಪದ್ಧತಿಯಿತ್ತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅದರ ಹೆಸರು ಮನೆ ಓದು. ಯಾರು ಚೀಟಿ ಬರೆದರೋ ಅವರ ಮನೆಯಲ್ಲಿ, ಕಚೇರಿಗೆ ಸಂಬಂಧವಿಲ್ಲದ ಒಬ್ಬರು ಅಚ್ಚಿನ ಕರಡನ್ನು ಓದಬೇಕು. ಓದಿ ಪ್ರತಿ ಪದದ ಮುಂದೆ 'ಅರ್ಥವಾಯಿತು' ಎಂದು ಸಹಿ ಹಾಕಬೇಕು. ಪಂಡಿತರಿಗೆ ಮಾತ್ರ ತಿಳಿಯುವ ನಿಘಂಟು ಯಾರಿಗೆ ಬೇಕು ಎನ್ನುವುದು ತರ್ಕ. ರಾಯರ ಮನೆ ಓದುಗರು ಕ್ರೇನಮ್ಮ. ಇಪ್ಪತ್ತೆರಡು ವರ್ಷದಲ್ಲಿ ಮೂವತ್ತು ಸಾವಿರ ಪದಗಳ ಮುಂದೆ 'ಅರ್ಥವಾಯಿತು' ಎಂದು ಸಹಿ ಹಾಕಿದ್ದರು. "ಇಂಗ್ಲಿಷ್ ಪೂರ್ತಿ ಅರ್ಥವಾಯ್ತು ಕಣ್ರೀ, ನೀವೊಬ್ರು ಬಾಕಿ" ಎಂದು ಆಗಾಗ ಹೇಳುತ್ತಿದ್ದರು.

ಅವರು ಬರುವವರೆಗೆ ಕರಡು ಕಾಯುತ್ತದೆ ಎಂದುಕೊಂಡ ರಾಯರು ನಿಶ್ಚಿಂತೆಯಿಂದ ಮೊದಲ ಚೀಟಿ ಎತ್ತಿಕೊಂಡರು. ಕೈಜೆನ್! ಅಂದರೆ ದಿನಕ್ಕೆ ಎಳ್ಳಷ್ಟು ಸುಧಾರಣೆ. ಇವತ್ತು ಒಂದು ಬೋಲ್ಟು, ನಾಳೆ ಒಂದು ನಟ್ಟು, ಹೀಗೆ ಸುಧಾರಿಸುತ್ತಾ ಸುಧಾರಿಸುತ್ತಾ ಕಾರ್ಖಾನೆಗಳು ಎಲ್ಲಿಂದ ಎಲ್ಲಿಗೋ ಹೋದವಂತೆ. ಕಾರ್ಖಾನೆಗೆ ಆಗುವುದು ಅಡುಗೆಮನೆಗೆ ಆಗುವುದಿಲ್ಲವೇ? ಭಾನುವಾರ ಬೆಳಿಗ್ಗೆ ಸೊಂಟಕ್ಕೆ ಟವೆಲ್ ಬಿಗಿದು ರಾಯರು ಅಡುಗೆಮನೆಯ ಮೇಲೆ ದಂಡೆತ್ತಿ ಹೋದರು.

ಅಲ್ಲಿ ಕಂಡದ್ದೇನು? ಅರಾಜಕತೆ! ಟೀಪುಡಿ ಒಂದು ಕಡೆ, ಉಪ್ಪು ಇನ್ನೊಂದು ಕಡೆ. ಕ್ರೇನಮ್ಮ ಡಬ್ಬಿ ಇಟ್ಟದ್ದು ಕೈಗೆ ಸಿಗುವ ಕ್ರಮದಲ್ಲಿ. ರಾಯರಿಗೆ ಲೋಕದಲ್ಲಿ ಗೊತ್ತಿರುವುದು ಒಂದೇ ಕ್ರಮ, ಅಕಾರಾದಿ! ಒಂದೇ ಅಳತೆಯ ಬಿಳಿ ಡಬ್ಬಿಗಳಿಗೆ ಎಲ್ಲವನ್ನೂ ತುಂಬಿ ಸಾಲಾಗಿ ನಿಲ್ಲಿಸಿದರು. ಅಕ್ಕಿ, ಉಪ್ಪು, ಟೀಪುಡಿ, ಮೆಣಸು, ಸಕ್ಕರೆ, ಸಾಬೂನುಪುಡಿ. ಹೆಸರಿನ ಚೀಟಿಗಳನ್ನೂ ಅಂಟಿಸಿದರು, ಡಬ್ಬಿಗಲ್ಲ, ಮುಚ್ಚಳಕ್ಕೆ! ಆಮೇಲೆ ಮುಚ್ಚಳಗಳನ್ನೆಲ್ಲ ಒಟ್ಟಿಗೆ ಒರೆಸಿ ತಿರುಗಿ ಹಾಕಿದರು.

ಸೋಮವಾರ ಬೆಳಿಗ್ಗೆ ಟೀಗೆ ಎರಡು ಚಮಚ ಸಕ್ಕರೆ ಹಾಕಿ ಕಲಕಿದರು. ಟೀ ಎದ್ದು ನಿಂತಿತು! ಲೋಟದ ಮೇಲೆ ಗೇಣುದ್ದ ನೊರೆ. ಹಾಲು ಒಳ್ಳೆಯದಿರಬೇಕು ಎಂದುಕೊಂಡು ಒಂದು ಗುಟುಕು ಕುಡಿದೂಬಿಟ್ಟರು. ಆ ದಿನ ಕಚೇರಿಯಲ್ಲಿ ಅವರು ಕೆಮ್ಮಿದಾಗಲೆಲ್ಲ ಗುಳ್ಳೆ ಬಂತೆಂದು ಹೇಳುವವರಿದ್ದಾರೆ. ನಾನು ನೋಡಿಲ್ಲ.

ತಪ್ಪು ಗೊತ್ತಾದ ಕೂಡಲೇ ಎರಡು ಮುಚ್ಚಳಗಳನ್ನು ಅದಲು ಬದಲು ಮಾಡಿದರು. ಸರಿಹೋಯಿತು. ಆದರೆ ಸರಿ ಮಾಡಿದ್ದನ್ನು ಸಂಜೆಯ ಹೊತ್ತಿಗೆ ಮರೆತುಬಿಟ್ಟರು. ಬಟ್ಟೆ ಒಗೆಯುವ ಮೆಷಿನ್ನಿನ ಮುಂದೆ ನಿಂತು, "ಮುಚ್ಚಳ ಅದಲು ಬದಲಾಗಿದೆ, ಸಕ್ಕರೆ ಅಂತ ಬರೆದಿರೋದೇ ಸಾಬೂನು, ನನಗೆ ಗೊತ್ತಿಲ್ವಾ!" ಎಂದು ಬಲು ಜಾಣತನದಿಂದ ಎರಡು ಲೋಟ ಸಕ್ಕರೆ ಸುರಿದರು. ಒಗೆದ ಅಂಗಿ ಒಣಗಿ ಗರಿಗರಿಯಾಯಿತು. ಗಂಜಿ ಹಾಕದೆಯೇ ಇಷ್ಟು ಗರಿ! ಹೆಂಡತಿಗೆ ಹೇಳಬೇಕು ಎಂದು ಹಿಗ್ಗಿದರು. ಮಾರನೆಯ ದಿನ ಕಚೇರಿಯ ಇರುವೆಗಳೆಲ್ಲ ರಾಯರ ಕಾಲರಿನ ಕಡೆಗೆ ಯಾತ್ರೆ ಹೊರಟವು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಸಿಹಿ ಬಿಡಿಸಲು ಅಂಗಿಗಳನ್ನೆಲ್ಲ ಮತ್ತೆ ಮೆಷಿನ್ನಿಗೆ ತುಂಬಿ, ಈ ಸಲ ಮೂಸಿ ನೋಡಿ, ಸಾಬೂನುಪುಡಿಯನ್ನೇ ಹಾಕಿದರು. ಅರ್ಧ ಡಬ್ಬಿ! ಹತ್ತು ನಿಮಿಷಕ್ಕೆ ಮೆಷಿನ್ನಿನ ಬಾಯಿಂದ ನೊರೆ ಬಂತು. ಇಪ್ಪತ್ತು ನಿಮಿಷಕ್ಕೆ ಬಚ್ಚಲು ದಾಟಿತು. ಪೈಪೂ ಕಳಚಿಕೊಂಡು ನೀರು ನಡುಮನೆಗೆ ನುಗ್ಗಿತು. ರಾಯರು ಊಟದ ಮೇಜಿನ ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಸರಿಯಾಗಿ ಆಗ ಏಳು ಗಂಟೆ, ದಿನವೂ ಬರುವ ಹೆಂಡತಿಯ ಫೋನು.

"ಏನ್ರೀ ಅದು ಸದ್ದು?"

"ಯಾವ ಸದ್ದು?"

"ನೀರಿನ ಸದ್ದು."

"ಟೀವಿ ಕಣೇ. ಸಮುದ್ರ ತೋರಿಸ್ತಿದಾರೆ."

"ನಾನು ಸಮುದ್ರದ ಪಕ್ಕದಲ್ಲೇ ಇದೀನಿ, ಇಲ್ಲಿ ಇಷ್ಟು ಸದ್ದಿಲ್ಲ!"

"ದೊಡ್ಡ ಟೀವಿ ಅಲ್ವಾ," ಎಂದರು ರಾಯರು. "ನನ್ನ ಚಿಂತೆ ಬಿಡು. ಮನೆ ಫಳಫಳ ಅಂತಿದೆ."

ಅದೊಂದು ಮಾತ್ರ ಸುಳ್ಳಲ್ಲ. ನೆಲವೆಲ್ಲ ಫಳಫಳ ಎನ್ನುತ್ತಲೇ ಇತ್ತು.

ನೀರು ಇಳಿಯಲು ಒಂಬತ್ತು ಗಂಟೆಯಾಯಿತು. ಆಗ ಜೇಬಿನಿಂದ ಚೀಟಿ ತೆಗೆದು, ಮೇಜಿನ ಮೇಲೆ ಕೂತೇ ಬರೆದರು. 'ಸುನಾಮಿ: ಬಚ್ಚಲಿನಿಂದ ಸುನಾಮಿ ಬಂದಾಗ ಅವನು ಎರಡು ಗಂಟೆ ಮೇಜಿನ ಮೇಲೆ ಕೂತಿದ್ದ.' ಬರೆದು ಸ್ವಲ್ಪ ಹೊತ್ತು ಆ ಪದವನ್ನೇ ನೋಡುತ್ತಿದ್ದರು. ಜಪಾನಿಯಲ್ಲಿ ಅದರ ಅರ್ಥ ಬಂದರಿನ ಅಲೆ. ಬಂದರಿನಲ್ಲಿರುವುದು ಅವಳು, ಅಲೆ ಬಂದದ್ದು ಮಾತ್ರ ಇಲ್ಲಿಗೆ.

ನೋಡಿ, ಇಲ್ಲಿಂದ ಶುರುವಾಯಿತು. ರಾಯರಿಗೆ ಬಾಯಲ್ಲಿ ಎಷ್ಟು ಸುಳ್ಳು ಬೇಕಾದರೂ ಬರುತ್ತಿತ್ತು; ಚೀಟಿಯ ಮೇಲೆ ಒಂದೂ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ. ಹೆಂಡತಿಗೆ ಫೋನಿನಲ್ಲಿ ಹಾಯಾಗಿದ್ದೇನೆ ಎಂದು ಹೇಳುವುದು, ಫೋನಿಟ್ಟು ಚೀಟಿಗೆ ನಿಜ ಹೇಳುವುದು. ದಿನವೂ ಇದೇ ಆಯಿತು.

ಮಂಚದ ವಿಷಯ ಕೇಳಿ. ಇಬ್ಬರ ಮಂಚ. ಬಲಗಡೆ ಇವರದು, ಎಡಗಡೆ ಆಕೆಯದು. ಆಕೆ ಹೋದ ಮೇಲೂ ರಾಯರು ಬಲಗಡೆಯ ಅಂಚಿನಲ್ಲೇ ಮುದುಡಿ ಮಲಗುತ್ತಿದ್ದರು. ಎರಡು ವಾರ ಕಳೆದರೂ ಎಡಗಡೆಯ ಹೊದಿಕೆ ಸುಕ್ಕಾಗಲಿಲ್ಲ. ಬೆಳಿಗ್ಗೆ ಎದ್ದು ಆ ನುಣುಪು ಹೊದಿಕೆ ನೋಡುವುದು ಅವರಿಂದ ಆಗಲಿಲ್ಲ. ಕೊನೆಗೆ ಮಂಚದ ಕೋಣೆಗೆ ಚಿಲಕ ಹಾಕಿ, ಒಂದು ಫ್ಯೂಟಾನ್ ತಂದು ನಡುಮನೆಯಲ್ಲಿ ಹಾಸಿಕೊಂಡರು.

"ನೆಲದ ಮೇಲೆ ಯಾಕ್ರೀ?" ಎಂದರು ಹೆಂಡತಿ, ಏಳು ಗಂಟೆಯ ಫೋನಿನಲ್ಲಿ.

"ಜಪಾನಿನವರು ಹಾಗೇ ಮಲಗೋದು. ಬೆನ್ನಿಗೆ ಬಹಳ ಒಳ್ಳೇದು!"

ಒಂದು ವಾರಕ್ಕೆ ಆ ಬಹಳ ಒಳ್ಳೆಯದು ಅವರ ಬೆನ್ನು ಹಿಡಿದುಕೊಂಡಿತು. ಬಗ್ಗಿದವರು ನೆಟ್ಟಗಾಗಲಿಲ್ಲ. ಬಗ್ಗಿಕೊಂಡೇ ಕಚೇರಿಗೆ ಬಂದು ಎಲ್ಲರ ಮುಂದೆ ನಿಂತರು. "ಆಹಾ, ಜಪಾನಿ ಪದಗಳ ಜೊತೆ ನಮಸ್ಕಾರ ಮಾಡೋದನ್ನೂ ಕಲಿತುಬಿಟ್ರಲ್ಲ!" ಎಂದರು ಮೇಡಂ. ಚೀಟಿ ಮಾತ್ರ ಹೀಗಿತ್ತು. 'ಫ್ಯೂಟಾನ್: ಫ್ಯೂಟಾನ್ ಒಬ್ಬರ ಅಳತೆಯದು, ಮಲಗಿದರೆ ಪಕ್ಕದಲ್ಲಿ ಖಾಲಿ ಜಾಗ ಕಾಣುವುದಿಲ್ಲ.'

ಆಮೇಲೆ ಬೋನ್ಸಾಯ್. ಕ್ರೇನಮ್ಮ ಹದಿನಾಲ್ಕು ವರ್ಷದಿಂದ ಸಾಕಿದ್ದ ಮೊಳದುದ್ದದ ಮರ. ನೂರು ಅಡಿ ಕಬ್ಬಿಣ ಹತ್ತಿ ಇಳಿದು ಬಂದವರು ಸಂಜೆ ಅದರ ಮುಂದೆ ಕೂತು ಎಲೆ ಎಣಿಸುತ್ತಿದ್ದರು. "ಬೆಳಿಗ್ಗೆ ಎರಡು ಚಮಚ ನೀರು, ಸಂಜೆ ಎರಡು ಚಮಚ, ಅಷ್ಟೇ" ಎಂದು ಹೇಳಿ ಹೋಗಿದ್ದರು. ಎರಡು ಚಮಚ ನೀರು ಯಾವ ಪ್ರಾಣಿಗೆ ಸಾಕಾಗುತ್ತದೆ? ರಾಯರು ಪ್ರೀತಿಯಿಂದ ಎರಡು ತಂಬಿಗೆ ಎರೆದರು. ಮರಕ್ಕೆ ಆ ಪ್ರೀತಿ ದಕ್ಕಲಿಲ್ಲ. ದಿನಕ್ಕೆ ಐದಾರು ಎಲೆ ಉದುರತೊಡಗಿದವು.

ಆಕೆ ಒಂದು ಸಂಜೆ "ಮರ ತೋರಿಸ್ರೀ" ಎಂದುಬಿಟ್ಟರು. ನಾಳೆ ತೋರಿಸುತ್ತೇನೆ ಎಂದು ತಪ್ಪಿಸಿಕೊಂಡ ರಾಯರು ಕಚೇರಿಯಿಂದ ಚೀಟಿ ಅಂಟಿಸುವ ಗೋಂದಿನ ಬಾಟಲಿ ತಂದರು. ಉದುರಿದ ಎಲೆಗಳನ್ನು ಆರಿಸಿ, ಒರೆಸಿ, ಒಂದೊಂದಾಗಿ ಕೊಂಬೆಗೆ ಅಂಟಿಸಿದರು. ಅಚ್ಚುಕಟ್ಟಾಗಿ, ಒಂದೇ ಅಂತರದಲ್ಲಿ, ಸಾಲಾಗಿ! ಮಾರನೆಯ ದಿನ ವಿಡಿಯೊ ಕರೆ.

"ಎಲೆಗಳು ಯಾಕ್ರೀ ಡ್ರಿಲ್‌ಗೆ ನಿಂತ ಹಾಗೆ ನಿಂತಿವೆ?"

"ಶಿಸ್ತು ಕಣೇ. ಜಪಾನಿ ಮರ ಅಲ್ವಾ!"

ಅಷ್ಟರಲ್ಲಿ ಒಂದು ಎಲೆ ಟಪ್ ಎಂದು ಬಿತ್ತು. ಹಿಂದೆಯೇ ಇನ್ನೊಂದು.

"ಗಾಳಿ ಜೋರಾಗಿದೆಯಾ ಅಲ್ಲಿ?"

"ಹೂಂ, ಭಯಂಕರ ಗಾಳಿ!"

"ಕಿಟಕಿ ಹಾಕಿರೋದು ಕಾಣ್ತಿದೆ."

"ಫ್ಯಾನು, ಫ್ಯಾನು!" ಎಂದು ರಾಯರು ಫೋನನ್ನೇ ಆರಿಸಿಬಿಟ್ಟರು. ಆರಿಸಿ, ಮರದ ಮುಂದೆ ಕೂತು, "ಸಾಯಬೇಡ ಮಾರಾಯ, ಅವಳು ಬರೋವರೆಗಾದ್ರೂ ಇರು" ಎಂದು ಅದಕ್ಕೆ ಕೈಮುಗಿದರು. ಕಣ್ಣು ತುಂಬಿ ಬಂತು. ಆ ಮರ ಹೋದರೆ ಅವಳು ಬಂದು ಕೂರುವ ಜಾಗವೇ ಹೋದಂತೆ ಎನ್ನಿಸಿತು ಅವರಿಗೆ.

ಭಾನುವಾರದ ಪತ್ರಿಕೆಯ ಸುಡೊಕು ಇಬ್ಬರೂ ಸೇರಿ ತುಂಬುವುದು ಆ ಮನೆಯ ರೂಢಿ. ಒಂದರಿಂದ ಐದು ರಾಯರಿಗೆ, ಆರರಿಂದ ಒಂಬತ್ತು ಆಕೆಗೆ. ರಾಯರು ತಮ್ಮ ಪಾಲಿನ ಅಂಕಿ ತುಂಬಿ, ಕತ್ತರಿಸಿ, ಲಕೋಟೆಯಲ್ಲಿ ಹಾಕಿಡುತ್ತಿದ್ದರು. ಲಕೋಟೆ ಉಬ್ಬುತ್ತಾ ಹೋಯಿತು. ಕರೋಕೆ ಅಂದರೆ ಖಾಲಿ ವಾದ್ಯವೃಂದ ಎಂದು ಪುಸ್ತಕದಲ್ಲಿ ಓದಿದ ದಿನ ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತು, ಎದೆ ಬಿರಿಯುವಂತೆ ಹಾಡಿದರು. ರಾಯರ ಸ್ವರ ಹೇಗೆ ಎಂದರೆ, ಅವರು ಶುರು ಮಾಡಿದರೆ ಕ್ರೇನಮ್ಮ "ರೀ, ತಟ್ಟೆ ಕೈತಪ್ಪುತ್ತೆ, ಸಾಕು!" ಎನ್ನುತ್ತಿದ್ದರು. ಆ ದಿನ ಪೂರ್ತಿ ಹಾಡಿ ಮುಗಿಸಿದರು. ಬರೆದ ಚೀಟಿ: 'ಕರೋಕೆ: ಅವನು ಕರೋಕೆ ಹಾಡಿದ, ಸಾಕು ನಿಲ್ಲಿಸಿ ಎನ್ನುವವರು ಯಾರೂ ಇರಲಿಲ್ಲ.'

ಹೀಗೆ ಐದು ತಿಂಗಳು ಕಳೆದವು. ಆರು ದಿನದಂತೆ ಅಲ್ಲ, ಅರವತ್ತು ವರ್ಷದಂತೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹೊಡೆದು ಪೆನ್ನಿನ ಮೊನೆ ಮುರಿಯಿತು. ಇನ್ನು ಇಪ್ಪತ್ತೆಂಟೇ ದಿನ ಎಂದು ರಾಯರು ಕುಣಿಯುತ್ತಿದ್ದಾಗ ಬಂತು ಆ ಫೋನು.

"ರೀ, ಇಲ್ಲಿಯವರು ಇನ್ನೂ ಎರಡು ವರ್ಷ ಇರಿ ಅಂತಿದಾರೆ. ಕ್ರೇನು ವಿಭಾಗಕ್ಕೇ ಮುಖ್ಯಸ್ಥೆ. ಇಲ್ಲಿನ ನನ್ನ ಕೊನೇ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಹೇಳ್ಬೇಕಂತೆ. ನೀವೇನಂತೀರಿ?"

ರಾಯರು ಕ್ಯಾಲೆಂಡರಿನ ಕಡೆ ನೋಡಿದರು. ಎರಡು ವರ್ಷ! ಬಾಯಿ ಮಾತ್ರ ತನ್ನ ಪಾಡಿಗೆ ತಾನು ಮಾತಾಡಿತು. "ಇನ್ನೇನು ಯೋಚನೆ? ಧಾರಾಳವಾಗಿ ಇರು! ನಾನಿಲ್ಲಿ ರಾಜನ ಹಾಗಿದೀನಿ."

"ಹೌದಾ?"

"ಹೌದು ಮತ್ತೆ! ಎರಡು ವರ್ಷ ಯಾಕೆ, ನಾಲ್ಕು ವರ್ಷ ಬೇಕಾದ್ರೂ ಇರು!"

"ಸರಿ, ಯೋಚನೆ ಮಾಡ್ತೀನಿ" ಎಂದು ಆಕೆ ಫೋನಿಟ್ಟರು. ರಾಯರು ಹೋಗಿ ಅಡುಗೆಮನೆಯಲ್ಲಿ ನಿಂತುಕೊಂಡರು. ಬಾ ಎಂದರೆ ನಾಲ್ಕನೆಯ ಸಲವೂ ಅವಳ ದಾರಿಗೆ ಅಡ್ಡ ಬಂದ ಪಾಪ. ಬೇಡ ಎಂದರೆ ಈ ಮನೆಯಲ್ಲಿ ಇನ್ನು ಎರಡು ವರ್ಷ ಒಬ್ಬರೇ. ಅವಳಿಲ್ಲದೆ ಆಗುವುದಿಲ್ಲ, ಆಗುವುದೇ ಇಲ್ಲ ಎನ್ನುವುದು ಅವರಿಗೆ ಆ ಹೊತ್ತು ಬೆರಳು ಸುಟ್ಟಷ್ಟು ಖಚಿತವಾಗಿ ಗೊತ್ತಾಯಿತು. ಉಳಿದ ಒಂಬತ್ತು ಚೀಟಿಗಳನ್ನು ಅದೇ ಸಂಜೆ ಬರೆದು ಮುಗಿಸಿದರು. ಏನು ಬರೆದರು ಎಂದು ಅವರಿಗೇ ನೆನಪಿಲ್ಲ. ಮಾರನೆಯ ದಿನ ಕಟ್ಟು ಅಚ್ಚಿಗೆ ಹೋಯಿತು.

ಎರಡು ವಾರವಾದ ಮೇಲೆ ಕಚೇರಿಯಲ್ಲಿ ವಿಚಿತ್ರ ಶುರುವಾಯಿತು. ಅಚ್ಚು ಜೋಡಿಸುವವರು ಬಂದು, "ಸಾರ್, ಇರುವೆ ಕಾಟ ಕಡಿಮೆ ಆಯ್ತಾ?" ಎಂದರು. ಲೈಬ್ರರಿಯವರು ಬಂದು ಬೆನ್ನಿಗೆ ಹಚ್ಚುವ ಎಣ್ಣೆ ಕೊಟ್ಟರು. ಕಸ ಗುಡಿಸುವ ಅಜ್ಜಿಯಂತೂ ಗಲ್ಲ ಸವರಿ, "ಪಾಪ, ಹಾಡ್ಬೇಡ ಕಣಪ್ಪ, ಮನಸ್ಸಿಗೆ ಇನ್ನೂ ಸಂಕಟ ಆಗುತ್ತೆ" ಎಂದುಬಿಟ್ಟಳು! ಯಾರಿಗೂ ಹೇಳದ ಗುಟ್ಟು ಎಲ್ಲರಿಗೂ ಹೇಗೆ ತಿಳಿಯಿತು? ಆಮೇಲೆ ಹೊಳೆಯಿತು. ಕರಡು ಬಂದಿದೆ! ಕಚೇರಿಯಿಡೀ ಓದಿದೆ!

ರಾಯರು ಬಿದ್ದಂಬೀಳ ಟಪಾಲು ವಿಭಾಗಕ್ಕೆ ಓಡಿದರು. ಅಲ್ಲಿಯ ಟಪಾಲಣ್ಣ ಎಂದರೆ ನಿಯಮಕ್ಕೇ ಮೀಸೆ ಬಂದಂಥ ಮನುಷ್ಯ.

"ಅಣ್ಣಾ, ನನ್ನ ಜಪಾನಿ ಕರಡು ಎಲ್ಲಿ? ಅದರ ಉದಾಹರಣೆಗಳನ್ನೆಲ್ಲ ಬದಲಾಯಿಸ್ಬೇಕು. ಮನೆ ಓದಿಗೆ ಇನ್ನೂ ಹೋಗಿಲ್ಲ ತಾನೆ?"

"ಅಯ್ಯೋ, ಹೋಗಿ ನಾಲ್ಕು ದಿನ ಆಯ್ತಲ್ಲ ರಾಯರೇ!"

"ಎಲ್ಲಿಗೆ?"

"ಇನ್ನೆಲ್ಲಿಗೆ? ಬಂದರಿಗೆ! ಓದುಗರು ಊರಲ್ಲಿಲ್ಲ ಅಂತ ಅವರು ಹೋದ ಹೊಸದರಲ್ಲಿ ನೀವೇ ಹೇಳಿದ್ರಿ. ಮತ್ತೆ ಎಲ್ಲಿದಾರೆ ಅಂತ ಕೇಳಿದೆ. ಎದೆ ಉಬ್ಬಿಸ್ಕೊಂಡು ಪೂರ್ತಿ ವಿಳಾಸ ಬರ್ದುಕೊಟ್ರಿ. ನಾನು ರಿಜಿಸ್ಟರಿನಲ್ಲಿ ತಿದ್ದಿದೆ."

ರಾಯರಿಗೆ ನಿಂತ ನೆಲ ಕುಸಿದಂತಾಯಿತು. ಗೋಂದಿನ ಎಲೆ, ಸಕ್ಕರೆ ಅಂಗಿ, ಮೇಜಿನ ಮೇಲಿನ ಎರಡು ಗಂಟೆ, ಎಲ್ಲ ಸಾಲಾಗಿ, ಅಕಾರಾದಿಯಾಗಿ, ಅಚ್ಚಾಗಿ, ಹೆಂಡತಿಯ ಕೈಗೆ! ಕೊರಿಯರಿನವರಿಗೆ ಫೋನು ಮಾಡಿದರು. ಮೂರು ದಿನದ ಹಿಂದೆಯೇ ತಲುಪಿದೆ, ಸಹಿಯೂ ಇದೆ ಎಂದರು. ಹೆಂಡತಿಗೆ ಫೋನು ಮಾಡಿದರು.

"ಒಂದು ಕರಡು ಬಂದಿದೆಯಾ? ಓದಬೇಡ ಕಣೇ! ತುಂಬಾ ತಪ್ಪಿದೆ!"

"ತಪ್ಪಿದ್ರೆ ತಾನೇ ಓದ್ಬೇಕಾದ್ದು? ಕ್ರೇನು ಮೇಲಿದೀನಿ, ಆಮೇಲೆ ಮಾತಾಡೋಣ."

ಆಮೇಲೆ ಎನ್ನುವುದು ಬರಲೇ ಇಲ್ಲ. ಏಳು ಗಂಟೆಯ ಫೋನೂ ನಿಂತುಹೋಯಿತು. ಒಂದು ದಿನ, ಎರಡು ದಿನ, ಮೂರು ದಿನ. ಐದು ತಿಂಗಳು ಹೇಳಿದ ಸುಳ್ಳಿಗೆ ಸಿಟ್ಟಾಗಿದ್ದಾಳೆ, ಬೋನ್ಸಾಯ್ ಕೊಂದವನ ಮುಖ ನೋಡುವುದಿಲ್ಲ, ಎರಡು ವರ್ಷಕ್ಕೆ ಸಹಿ ಹಾಕಿಬಿಟ್ಟಿದ್ದಾಳೆ ಎಂದು ರಾಯರು ತಾವೇ ತೀರ್ಮಾನಿಸಿಬಿಟ್ಟರು. ಅವರಿಗೆ ಊಟ ಸೇರಲಿಲ್ಲ. ಫೋನು ಮಾಡಲು ಮುಖವೂ ಇರಲಿಲ್ಲ.

ಆ ಕೊನೆಯ ಶುಕ್ರವಾರ ಬೆಳಿಗ್ಗೆ ಮೊಬೈಲನ್ನು ಮನೆಯಲ್ಲೇ ಬಿಟ್ಟು ಕಚೇರಿಗೆ ಬಂದರು. ಹನ್ನೊಂದೂವರೆ ದಾಟಿದಾಗ ಮೇಡಂ ಮೇಜಿನ ಫೋನು ಹೊಡೆದುಕೊಂಡಿತು. ಮೇಡಂ ಎತ್ತಿ, ಕೇಳಿ, ರಿಸೀವರನ್ನು ರಾಯರ ಕಡೆ ಚಾಚಿದರು. "ನಿಮ್ಮ ಮನೆ ಓದುಗರು."

ಕಚೇರಿಯಲ್ಲಿ ಎಲ್ಲರೂ ಏನೋ ಬರೆಯುವವರಂತೆ ತಲೆ ಬಗ್ಗಿಸಿದರು, ಕಿವಿ ಮಾತ್ರ ಇತ್ತ ಇತ್ತು.

"ನಲವತ್ತೂ ಓದಿದೆ" ಎಂದರು ಕ್ರೇನಮ್ಮ. "ಮೂರು ದಿನ ಹಿಡೀತು. ಬೋನ್ಸಾಯಲ್ಲಿ ಎಷ್ಟು ಎಲೆ ಉಳ್ದಿದೆ?"

"ಹದಿನೇಳು."

"ಗೋಂದಿನವು ಬಿಟ್ಟು?"

"...ನಾಲ್ಕು."

"ನಾಲ್ಕಿದ್ರೆ ಬದುಕುತ್ತೆ. ನೀರು ನಿಲ್ಲಿಸಿ. ಇನ್ನು, ಮೂವತ್ತೆರಡನೇ ಪದ. ರಿಕ್ಷಾ. ಅದು ಜಪಾನಿ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಪದದ ಮಾತು ಬಂದದ್ದೇ ತಡ, ರಾಯರಿಗೆ ಹೋದ ಜೀವ ಬಂದಂತಾಯಿತು. "ಹೌದು ಕಣೇ! ಜಿನ್ರಿಕಿಶಾ! ಜಿನ್ ಅಂದ್ರೆ ಮನುಷ್ಯ, ರಿಕಿ ಅಂದ್ರೆ ಬಲ, ಶಾ ಅಂದ್ರೆ ಗಾಡಿ. ಇಂಗ್ಲಿಷಿನವರು ಹೆಸರು ಉದ್ದ ಆಯ್ತು ಅಂತ ಮುಂದಿನ ತುಂಡು ಕತ್ತರಿಸಿ, ಮನುಷ್ಯನನ್ನೇ ಕೆಳಗಿಳಿಸಿಬಿಟ್ರು! ಅದು ಹತ್ತೊಂಬತ್ತನೇ ಶತಮಾನದಲ್ಲಿ..."

"ಪಾಠ ಸಾಕು. ಉದಾಹರಣೆ ನೀವೇ ಓದ್ತೀರೋ, ನಾನು ಓದ್ಲೋ?"

ಆಕೆಯೇ ಓದಿದರು. "'ಬೀದಿಯಲ್ಲಿ ರಿಕ್ಷಾ ನಿಂತರೆ ಅವನು ಕಿಟಕಿಗೆ ಓಡುತ್ತಾನೆ, ಇಳಿಯುವವರು ಬೇರೆ ಯಾರೋ.' ಇದರ ಮುಂದೆ ಅರ್ಥವಾಯಿತು ಅಂತ ಬರೆಯೋಕೆ ಹೋಗಿ ಪೆನ್ನು ಕೆಳಗಿಟ್ಟುಬಿಟ್ಟೆ ಕಣ್ರೀ. ಬರೆಯೋಕಾಗಲಿಲ್ಲ." "ಇಷ್ಟು ದಿನ ನಾನಿಲ್ಲಿ ಏನಂದ್ಕೊಂಡಿದ್ದೆ ಗೊತ್ತಾ? ನಾನಿಲ್ದೆ ಇವರು ಆರಾಮಾಗಿದಾರೆ, ನಾನು ಹೋಗಿ ಏನಾಗ್ಬೇಕು ಅಂತ. ಈಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇದೆ. ಇಲ್ಲಿಯವರಿಗೆ ಏನು ಹೇಳ್ಲಿ?"

"ನೋಡು, ಅದು ನಿನ್ನಿಷ್ಟ... ನಿನ್ನ ಕೆಲಸ... ಮುಖ್ಯಸ್ಥೆ ಅಂದ್ರೆ ಸುಮ್ನೆನಾ... ನಾನು ಅಡ್ಡ ಬರಬಾರದು..."

"ಇರೋದು ಬಿಡೋದು ನಾನು ತೀರ್ಮಾನ ಮಾಡ್ಕೋತೀನಿ. ಅಲ್ಲೂ ನನ್ನ ಕೆಲಸ ಇದೆ, ಅಲ್ಲೂ ಕ್ರೇನಿವೆ. ಆದ್ರೆ ನಿಮ್ಮ ಬಾಯಿಂದ ಒಂದು ಮಾತು ಬರಬೇಕೋ ಬೇಡ್ವೋ? ನನಗೆ ನಿಮ್ಮ ಹನ್ನೆರಡು ಪದ ಬೇಡ, ಒಂದೇ ಸಾಕು."

ರಾಯರು ಬಾಯಿ ತೆರೆದರು. ಮೂವತ್ತು ಸಾವಿರ ಪದ ಬರೆದ ಮನುಷ್ಯನಿಗೆ ಒಂದು ಪದ ಹೊರಡಲಿಲ್ಲ. ಕನ್ನಡಕ ಮಂಜಾಯಿತು. ಅಚ್ಚಿನವರು ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದರು. ಟಪಾಲಣ್ಣನ ಕೈಯಲ್ಲಿ ಮೊಹರು ಎತ್ತಿದ್ದು ಎತ್ತಿದ ಹಾಗೇ ಇತ್ತು. ಮೇಡಂ ಅಂತೂ ತಡೆಯಲಾರದೆ, "ಹೇಳ್ರೀ ರಾಯರೇ, ಹೇಳಿಬಿಡಿ!" ಎಂದು ಪಿಸುಗುಟ್ಟಿದರು.

"ಬಾ" ಎಂದರು ರಾಯರು.

"ಕೇಳಿಸ್ಲಿಲ್ಲ."

"ಬಾರೇ! ಮನೆಗೆ ಬಾ! ನನ್ನ ಕೈಲಾಗಲ್ಲ!"

ಮೂರು ಮಹಡಿಗೂ ಕೇಳಿಸಿತು. ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಬಂತು. ಆಮೇಲೆ, ರಾಯರು ಇಪ್ಪತ್ತೆರಡು ವರ್ಷ ಕೇಳಿ ಕೇಳಿ, ಈ ಆರು ತಿಂಗಳು ಕೇಳದೆ ಸೊರಗಿದ್ದ ಆ ಬೈಗುಳದ ದನಿ.

"ಅಲ್ಲಾ ರೀ, ಈ ಒಂದಕ್ಷರ ಹೇಳೋಕೆ ಜಪಾನ್ ಸುತ್ತಿಕೊಂಡು ಬರಬೇಕಿತ್ತಾ ನೀವು?"